ಹದಿನಾಲ್ಕನೆಯ ಕಂಬದಿಂದ

ಜೀಪು ಕೆಟ್ಟಿತ್ತು.
ಒಂಬತ್ತನೆಯ ಗಾಳಿಕಂಬದಿಂದ ಹದಿನಾಲ್ಕಕ್ಕೆ
ಮಣ್ಣುದಾರಿ ಬಳಸಿದರೆ ಆರು ಕಿಲೋಮೀಟರು.
ಮೊಬೈಲಿನ ನಕ್ಷೆ ಮಾತ್ರ ಗುಡ್ಡದ ನೆತ್ತಿ ಸೀಳಿ
ನೀಲಿ ಚುಕ್ಕೆಗಳ ಬೈತಲೆ ತೆಗೆದಿತ್ತು:
ನಲವತ್ತೆರಡು ನಿಮಿಷ.

ನಲವತ್ತೆರಡು ನಿಮಿಷ ಮುಗಿದಾಗ ನಾನು
ಸೊಂಟದವರೆಗೆ ಬಂದರಿಕೆ ಪೊದೆಯೊಳಗೆ,
ತೋಳು ಕಾರೆಮುಳ್ಳಿನ ಕೈಯಲ್ಲಿ.
ಕಬ್ಬಿಣದ ಕಲ್ಲಿನ ಮೇಲೆ ಫೋನಿಟ್ಟರೆ
ದಿಕ್ಸೂಚಿ, ಮೈಮೇಲೆ ಬಂದವರ ಹಾಗೆ
ತಲೆ ತಿರುಗಿಸುತ್ತಿತ್ತು.
ಬ್ಯಾಟರಿ ಹನ್ನೊಂದು.

ಮೇಲಿನಿಂದ ಸಣ್ಣ ಕಲ್ಲು ಉರುಳಿದವು,
ಕಲ್ಲಿನ ಹಿಂದೆ ಮೇಕೆ, ಮೇಕೆಗಳ ಹಿಂದೆ ಕರಿಕಂಬಳಿ,
ಕಂಬಳಿಯೊಳಗಿಂದ ಒಂದು ಗದರು:
"ಅಲ್ಲಿ ಕೈ ಊರಬ್ಯಾಡ, ಚೇಳೈತೆ."

ಗೊಲ್ಲರಹಟ್ಟಿಯ ಕ್ಯಾತಮ್ಮ; ಹೆಸರು ಆಮೇಲೆ ತಿಳಿದದ್ದು.
ಮೊದಲು ತಿಳಿದದ್ದು ಎರಡು ಹಿಮ್ಮಡಿ,
ಬಿರಿದವು, ಎಲ್ಲಿ ಇಟ್ಟರೂ ಜಾರದವು.
ಅವನ್ನೇ ನೋಡುತ್ತ ಒಂದು ಗಂಟೆ ನಡೆದೆ.
ಇದು ಕರಡಿ ಬೆನ್ನುಜ್ಜೋ ಬಂಡೆ ಅಂದಳು,
ಇದು ತೊಟ್ಟಿಲಗುಂಡು,
ಇಲ್ಲಿ ನಮ್ಮತ್ತೆ ಮುನಿಸಿಕೊಂಡು
ಮೂರು ದಿನ ಕೂತಿದ್ಲು.
ನನ್ನ ನಕ್ಷೆಯಲ್ಲಿ ಮೂರೂ ಒಂದೇ ಹಸಿರು.

ಬಂಡೆಯ ಕಂಕುಳಲ್ಲಿ ಒಂದು ಸೆಲೆ.
ಮೊಗೆದು ಕುಡಿದು, ಪಿನ್ನು ಚುಚ್ಚಿದೆ: ನೀರು.

ಚೈತ್ರದಲ್ಲಿ ಆ ಪಿನ್ನಿನ ಬೆನ್ನು ಹತ್ತಿ ಹೋದೆ.
ಪಿನ್ನಿತ್ತು.
ಸುಟ್ಟ ಪಾಚಿ ಕಲ್ಲಿಗಂಟಿತ್ತು,
ನನ್ನ ನಾಲಿಗೆ ಅಂಗುಳಿಗೆ.
ಕ್ಯಾತಮ್ಮ ಕೇಳಿ ನಕ್ಕದ್ದು ಗುಡ್ಡಕ್ಕೆಲ್ಲ ಕೇಳಿಸಿತು.
"ಶಿವರಾತ್ರಿ ಆದ್ಮ್ಯಾಲೆ ಅಲ್ಲೆಂಥ ನೀರು?
ಎಲ್ಲಿ ಅಂತ ಬರಕೊಂಡೆ,
ಯಾವಾಗ ಅಂತ ಕೇಳ್ಲೇ ಇಲ್ವಲ್ಲೋ."

ತಿದ್ದಿದೆ: ನೀರು, ಶಿವರಾತ್ರಿಯ ತನಕ.
ಆಮೇಲೆ ಕ್ಯಾತಮ್ಮನನ್ನು ವಿಚಾರಿಸುವುದು.
ಈ ಜಾಗಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ
ಎಂದಿತು ಆಪು. ಸುಮ್ಮನಾದೆ.

ಅವಳ ಹತ್ತಿರವೂ ಒಂದು ಫೋನಿದೆ, ಗುಂಡಿಯದು,
ಎಲೆಅಡಿಕೆ ಚೀಲದಲ್ಲಿ ಸುಣ್ಣ ಮೆತ್ತಿಕೊಂಡು.
ಒಂದನ್ನು ಒತ್ತಿ ಹಿಡಿದರೆ ಮಗಳು.
ಎರಡನ್ನು ಒತ್ತಿ ಹಿಡಿದರೆ ನಾನು.

ಕಾರ್ತಿಕದ ಒಂದು ಮಧ್ಯಾಹ್ನ ಎರಡನ್ನು ಒತ್ತಿದಳು.
ನಾನು ಎಂಬತ್ತು ಮೀಟರ್ ಮೇಲೆ,
ನಿಲ್ಲಿಸಿದ ರೆಕ್ಕೆಗಳ ಹಿಂದೆ, ಕೈಯೆಲ್ಲ ಗ್ರೀಸು.
"ಗಬ್ಬದ ಮ್ಯಾಕೆ ತಪ್ಪಿಸ್ಕೊಂಡೈತೆ.
ಮ್ಯಾಲಿದ್ದೀಯಲ್ಲ, ನೋಡು."

ನೋಡಿದೆ.
ದುರ್ಗದ ಕೋಟೆ ಕಂಡಿತು, ಹೈವೇಯ ಲಾರಿ ಕಂಡವು,
ಮೇಕೆ ಕಾಣಲಿಲ್ಲ.
ಬುಡದಲ್ಲಿ ನಿಂತು ಗುರುತಿಟ್ಟ ಕರಡಿಬಂಡೆ
ಮೇಲಿನಿಂದ ಎಲ್ಲ ಬಂಡೆಗಳ ಹಾಗೇ ಒಂದು ಬಂಡೆ.
ಹೆಸರುಗಳೆಲ್ಲ ಕೆಳಗೇ ಉಳಿದಿದ್ದವು.

ಬಹಳ ಹೊತ್ತಿನ ಮೇಲೆ ಒಂದು ಬಿಳಿ ಅಲುಗಿತು.
"ಎಡಕ್ಕೆ, ಕ್ಯಾತಮ್ಮ, ಎಡಕ್ಕೆ!"
"ನಿನ್ನ ಎಡ ನಂಗೇನು ಗೊತ್ತಪ್ಪ?
ಆ ರೆಕ್ಕೆ ಮುಖ ಎತ್ಲಾಗೈತೆ, ಅದ ಹೇಳು."

ಎಂಟು ವರ್ಷ ಅದರ ತಲೆಬುರುಡೆಯೊಳಗೆ ಕೂತವನು
ಹೊರಗೆ ಇಣುಕಿ ನೋಡಬೇಕಾಯಿತು.
"ಮೂಡಲಿಗೆ."
"ಮ್ಯಾಕೆ ಮುಖದ ಕಡೀಕೋ, ಬೆನ್ನ ಕಡೀಕೋ?"
"ಬೆನ್ನ ಕಡೆಗೆ. ಇನ್ನೂರು..."
ಮೀಟರ್ ಎನ್ನಲಿದ್ದ ಬಾಯಿಗೆ ಅಜ್ಜನ ಮಾತು ಬಂತು:
"ಒಂದು ಕೂಗಳತೆ."

ಕೆಳಗೆ ಕರಿಕಂಬಳಿ ತಿರುಗಿತು.
ಮೇಲೆ ನೋಡಲಿಲ್ಲ. ಫೋನನ್ನೂ ಕಟ್ ಮಾಡಲಿಲ್ಲ,
ಚೀಲಕ್ಕೆ ಹಾಕಿಕೊಂಡಳೇನೋ:
ಅಡಕತ್ತರಿಯ ಖಣಖಣ, ಏದುಸಿರು,
ಕಾಲ ಕೆಳಗೆ ಜಾರುವ ಗರಸು,
ಮುಳ್ಳು ಕಂಬಳಿ ಬಿಡುವ ಪರ್ ಎಂಬ ಸದ್ದು.

ಆಮೇಲೆ ತೀರ ಹತ್ತಿರದಲ್ಲಿ, ಒದ್ದೆಯಾಗಿ,
ಒಂದು ಸಣ್ಣ ಮ್ಯಾ.
ತಾಯಿಯದಲ್ಲ.